ಮೊದಲ ಟ್ರಯಥ್ಲಾನ್‌ಗೆ ಕಡಿಮೆ ಖರ್ಚಿನ ವೆಟ್‌ಸೂಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮುಗಿಸುವ ಟ್ರಯಥ್ಲಾನ್‌ಗೆ ಹೊಸದಾಗಿ ಇಳಿಯುವವರು ಸೈಕಲ್ ಬಗ್ಗೆ, ಶೂ ಬಗ್ಗೆ ಹತ್ತು ಜನರನ್ನು ಕೇಳಿ ತಿಳಿದುಕೊಂಡಿರುತ್ತಾರೆ. ವೆಟ್‌ಸೂಟ್, ಅಂದರೆ ತಣ್ಣೀರಲ್ಲಿ ಈಜಲು ಮೈಗೆ ಅಂಟಿದ ಹಾಗೆ ಹಾಕಿಕೊಳ್ಳುವ ರಬ್ಬರ್ ಸೂಟ್, ಅಂದ ಕೂಡಲೇ ಗೊಂದಲ ಶುರು. ಈಜು ಅಭ್ಯಾಸದ ನಡುವೆ, ರೇಸ್ ಮುಗಿದ ಮೇಲೆ, ಪತ್ರಗಳಲ್ಲಿ ನನಗೆ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಸಾಕು.

## ಮೊದಲ ಪಾಠ

ವೆಟ್‌ಸೂಟ್ ಹಾಕಿದರೆ ಮೈ ಒದ್ದೆ ಆಗಲ್ಲ ಅಲ್ವಾ?

ಆಗುತ್ತದೆ. ಒಳಗೆ ಸ್ವಲ್ಪ ನೀರು ಬಂದೇ ಬರುತ್ತದೆ, ಬರಲಿ. ಮೈ ಬೆಚ್ಚಗಿಡುವುದು ಸೂಟಿನ ನಿಯೋಪ್ರೀನ್. ಅದು ಒಂದು ಥರದ ರಬ್ಬರ್ ಫೋಮ್, ಅದರ ತುಂಬ ಸಣ್ಣ ಸಣ್ಣ ಗಾಳಿಗುಳ್ಳೆಗಳು ಇರುತ್ತವೆ. ಒಂದು ಗುಳ್ಳೆಗೂ ಪಕ್ಕದ ಗುಳ್ಳೆಗೂ ದಾರಿ ಇಲ್ಲ, ಹಾಗಾಗಿ ಸ್ಪಂಜಿನ ಹಾಗೆ ನೀರು ಹೀರಿಕೊಳ್ಳುವುದಿಲ್ಲ. ಆ ಗುಳ್ಳೆಗಳೇ ಮೈಯ ಶಾಖವನ್ನು ಹೊರಗೆ ಬಿಡದೆ ತಡೆಯುತ್ತವೆ, ನಿಮ್ಮನ್ನು ಮೇಲಕ್ಕೆ ತೇಲಿಸುವುದೂ ಅವೇ. ಬೆಚ್ಚಗಿರಲು ಮೈ ಒಣಗಿರಲೇಬೇಕು ಅಂತೇನಿಲ್ಲ ಎಂಬುದನ್ನು 1950ರ ದಶಕದ ಶುರುವಿನಲ್ಲೇ ಅಮೆರಿಕದ ಭೌತವಿಜ್ಞಾನಿ ಹ್ಯೂ ಬ್ರ್ಯಾಡ್ನರ್ ಕಂಡುಕೊಂಡಿದ್ದರು. ವೆಟ್‌ಸೂಟ್ ಹುಟ್ಟಿದ್ದು ಅಲ್ಲಿಂದ.

ಆದರೆ ಒಳಗೆ ಬಂದ ನೀರು ಅಲ್ಲೇ ನಿಲ್ಲಬೇಕು. ಸೂಟ್ ಸಡಿಲವಾಗಿದ್ದರೆ ಪ್ರತಿ ಕೈ ಬೀಸಿಗೂ ಹೊಸ ತಣ್ಣೀರು ಒಳಗೆ ನುಗ್ಗುತ್ತದೆ. ಆಗ ಎಷ್ಟು ದುಬಾರಿ ಸೂಟಾದರೂ ಉಪಯೋಗಕ್ಕಿಲ್ಲ.

ಮೊದಲ ರೇಸ್‌ಗೇ ಬೇಕೇ ಬೇಕಾ?

ಈಜು ಪೂಲ್‌ನಲ್ಲಿದ್ದರೆ ಬೇಡ. ಕೆರೆ, ನದಿ, ಸಮುದ್ರದಲ್ಲಿದ್ದರೆ ಆ ತಿಂಗಳಲ್ಲಿ ಅಲ್ಲಿನ ನೀರು ಎಷ್ಟು ತಣ್ಣಗಿರುತ್ತದೆ ಅಂತ ಮೊದಲು ವಿಚಾರಿಸಿ. ಹಿಂದಿನ ವರ್ಷ ಈಜಿದವರನ್ನು ಕೇಳಿ: ಸೂಟ್ ಹಾಕಲು ಬಿಟ್ಟಿದ್ದರಾ, ಎಷ್ಟು ಜನ ಹಾಕಿದ್ದರು? ಈ ಎರಡು ಪ್ರಶ್ನೆ ಕೇಳದೆ ಸೂಟ್ ಕೊಂಡು, ರೇಸ್ ದಿನ ನೀರು ಬೆಚ್ಚಗಿದೆ ಅಂತ ಅದನ್ನು ಚೀಲದಲ್ಲೇ ವಾಪಸ್ ತಂದವರು ಎಷ್ಟೋ ಜನ.

ನೀರು ಎಷ್ಟು ಡಿಗ್ರಿ ಇದ್ದರೆ ಹಾಕೋಕೆ ಬಿಡ್ತಾರೆ?

ಯಾರ ನಿಯಮದಲ್ಲಿ ರೇಸ್ ನಡೆಯುತ್ತದೆ ಅನ್ನೋದರ ಮೇಲೆ ಹೋಗುತ್ತದೆ. ಈ ಆಟದ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಟ್ರಯಥ್ಲಾನ್‌ನ ನಿಯಮದಲ್ಲಿ, 1500 ಮೀಟರ್‌ವರೆಗಿನ ಈಜಿಗೆ, ನಮ್ಮಂಥ ಏಜ್ ಗ್ರೂಪ್ ಸ್ಪರ್ಧಿಗಳಿಗೆ, ಅಂದರೆ ವಯಸ್ಸಿನ ಗುಂಪಿನಲ್ಲಿ ಓಡುವ ಹವ್ಯಾಸಿಗಳಿಗೆ, 22 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಸೂಟ್ ಇಲ್ಲ. 16ಕ್ಕಿಂತ ಕೆಳಗಿಳಿದರೆ ಹಾಕಲೇಬೇಕು. ಐರನ್‌ಮ್ಯಾನ್ ಕಂಪನಿ ನಡೆಸುವ ದೂರದ ರೇಸ್‌ಗಳಲ್ಲಿ 24.5 ಡಿಗ್ರಿವರೆಗೆ ಹಾಕಬಹುದು. ಅಮೆರಿಕದ ಯುಎಸ್‌ಎ ಟ್ರಯಥ್ಲಾನ್ ನಿಯಮ ಇನ್ನೂ ಸಡಿಲ: 78 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 25.5 ಸೆಲ್ಸಿಯಸ್. ಇವಕ್ಕಿಂತ ಸ್ವಲ್ಪ ಮೇಲಿದ್ದರೆ ಕೆಲವು ಕಡೆ ಹಾಕಲು ಬಿಡುತ್ತಾರೆ, ಬಹುಮಾನದ ಲೆಕ್ಕಕ್ಕೆ ಮಾತ್ರ ಸೇರಿಸುವುದಿಲ್ಲ. ಮೊದಲ ರೇಸ್‌ನವರಿಗೆ ಅದೇನೂ ತೊಂದರೆ ಅಲ್ಲ.

ಇನ್ನೊಂದು ಅಂಕಿ ನೆನಪಿಡಿ, ದಪ್ಪ 5 ಮಿಲಿಮೀಟರ್ ದಾಟುವ ಹಾಗಿಲ್ಲ. ಟ್ರಯಥ್ಲಾನ್‌ಗೆ ಅಂತಲೇ ಮಾಡಿದ ಸೂಟ್‌ಗಳು ಈ ಮಿತಿಯೊಳಗೇ ಇರುತ್ತವೆ. ಡೈವಿಂಗ್ ಸೂಟ್‌ಗಳಲ್ಲಿ 7 ಮಿಲಿಮೀಟರ್‌ನವೂ ಇವೆ, ಅಂಥದ್ದು ಹಾಕಿಕೊಂಡು ಬಂದರೆ ನೀರಿಗೇ ಬಿಡುವುದಿಲ್ಲ.

ಸರ್ಫಿಂಗ್ ಸೂಟ್ ಮನೇಲೇ ಇದೆ. ಅದನ್ನೇ ಹಾಕಿಕೊಂಡರೆ ನಡೆಯಲ್ವಾ?

5 ಮಿಲಿಮೀಟರ್ ಒಳಗಿದ್ದರೆ ನಿಯಮಕ್ಕೆ ಸಾಮಾನ್ಯವಾಗಿ ಅಡ್ಡಿ ಇಲ್ಲ, ನಿಮ್ಮ ಭುಜಕ್ಕೇ ಅಡ್ಡಿ. ಸರ್ಫಿಂಗ್ ಸೂಟ್ ಹೊರಗಡೆ ಬಟ್ಟೆಯ ಪದರ ಇರುತ್ತದೆ, ಹಲಗೆಗೆ ಉಜ್ಜಿದರೂ ಹರಿಯಬಾರದು ಅಂತ. ಆ ಬಟ್ಟೆ ನೀರನ್ನು ಹಿಡಿದುಕೊಂಡು ಎಳೆಯುತ್ತದೆ. ತೋಳು ಸಾವಿರಾರು ಸಲ ತಲೆ ಮೇಲೆ ಹೋಗಿ ಬರುತ್ತದೆ ಅನ್ನೋ ಲೆಕ್ಕದಲ್ಲಿ ಅದನ್ನು ಹೊಲಿದಿರುವುದೂ ಇಲ್ಲ. ಟ್ರಯಥ್ಲಾನ್ ಸೂಟ್‌ನ ಹೊರಮೈ ನುಣುಪಾದ ರಬ್ಬರ್, ನೀರು ಜಾರಿಕೊಂಡು ಹೋಗುತ್ತದೆ, ಭುಜದ ಹತ್ತಿರ ತೆಳ್ಳಗಿರುತ್ತದೆ. ಈ ಥರದ ಮೊದಮೊದಲಿನ ಸೂಟ್‌ಗಳಲ್ಲಿ ಒಂದು ಅಮೆರಿಕದ ಕ್ವಿಂಟಾನಾ ರೂ ಕಂಪನಿಯದು, 1987ರಲ್ಲಿ ಡ್ಯಾನ್ ಎಂಪ್‌ಫೀಲ್ಡ್ ಅದನ್ನು ಶುರು ಮಾಡಿದರು.

ಈಜು 750 ಮೀಟರ್ ಇರುವ ಸ್ಪ್ರಿಂಟ್ ರೇಸ್ ಆದರೆ ಹೇಗೋ ಮುಗಿಸಬಹುದು. 1500 ಮೀಟರ್ ಆದರೆ ಬೇಡ ಅಂತಲೇ ಹೇಳುತ್ತೇನೆ.

ನನಗೆ ಈಜು ಅಷ್ಟಕ್ಕಷ್ಟೇ. ಸೂಟ್ ಇದ್ರೆ ಮುಳುಗಲ್ಲ ತಾನೇ?

ದಯವಿಟ್ಟು ಈ ಭರವಸೆ ಮೇಲೆ ನೀರಿಗಿಳಿಯಬೇಡಿ. ಸೂಟ್ ತೇಲಿಸುತ್ತದೆ ನಿಜ, ಸುಸ್ತಾದಾಗ ಅಂಗಾತ ಮಲಗಿ ದಣಿವಾರಿಸಿಕೊಳ್ಳಬಹುದು. ಆದರೆ ಅದು ಲೈಫ್ ಜಾಕೆಟ್ ಅಲ್ಲ. ಪ್ರಜ್ಞೆ ತಪ್ಪಿದವರ ಮುಖವನ್ನು ಅದು ನೀರಿನ ಮೇಲೆ ಎತ್ತಿ ಹಿಡಿಯುವುದಿಲ್ಲ. ರೇಸ್‌ನ ದೂರವನ್ನು ಸೂಟ್ ಇಲ್ಲದೆ ಪೂಲ್‌ನಲ್ಲಿ ನಿಲ್ಲದೆ ಈಜಲು ಬರಬೇಕು, ಸೂಟ್ ಖರೀದಿಯ ಮಾತು ಆಮೇಲೆ.

## ದುಡ್ಡಿನ ಮಾತು

ಕಡಿಮೆ ಬೆಲೆಯದಕ್ಕೂ ದುಬಾರಿಯದಕ್ಕೂ ನಿಜವಾಗ್ಲೂ ಏನು ವ್ಯತ್ಯಾಸ?

ಎಲ್ಲಕ್ಕಿಂತ ಹೆಚ್ಚು ಬಂದ ಪ್ರಶ್ನೆ ಇದು, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಜಾಸ್ತಿ ದುಡ್ಡು ಹೋಗುವುದು ಮುಖ್ಯವಾಗಿ ಭುಜಕ್ಕೆ. ದುಬಾರಿ ಸೂಟ್‌ನಲ್ಲಿ ಭುಜ ಮತ್ತು ಕಂಕುಳಿನ ರಬ್ಬರ್ ಒಂದೂವರೆ ಎರಡು ಮಿಲಿಮೀಟರ್ ಅಷ್ಟೇ ಇರುತ್ತದೆ, ಒಳಗಿನ ಬಟ್ಟೆ ಕೂಡ ಚೆನ್ನಾಗಿ ಹಿಗ್ಗುತ್ತದೆ. ಕೈ ಎತ್ತಿದಾಗ ಸೂಟ್ ಹಾಕಿದ್ದೇ ಗೊತ್ತಾಗುವುದಿಲ್ಲ. ಕಡಿಮೆ ಬೆಲೆಯದರಲ್ಲಿ ಪ್ರತಿ ಸಲ ಕೈ ಎತ್ತುವಾಗಲೂ ಒಂದು ರಬ್ಬರ್ ಪಟ್ಟಿ ಎಳೆದ ಹಾಗೆ ಇರುತ್ತದೆ. ಒಂದೆರಡು ಸಲ ಪರವಾಗಿಲ್ಲ, ಅರ್ಧ ಗಂಟೆ ಈಜಿದಾಗ ತೋಳು ಸೋಲುತ್ತದೆ. ಇನ್ನುಳಿದ ದುಡ್ಡು ಹೊರಮೈಯ ನುಣುಪು ಲೇಪ, ಜಾಗಕ್ಕೊಂದು ದಪ್ಪದ ತುಂಡುಗಳನ್ನು ಜೋಡಿಸುವ ಕೆಲಸ, ಇಂಥದ್ದಕ್ಕೆ.

ಬಾಳಿಕೆ ಜಾಸ್ತಿ ಬರುತ್ತದೆ ಅಂತ ಮಾತ್ರ ದುಬಾರಿಯದನ್ನು ಕೊಳ್ಳಬೇಡಿ. ತೆಳು ರಬ್ಬರ್ ಬೇಗ ಕಿತ್ತುಹೋಗುತ್ತದೆ. ಉಗುರು ತಾಗಿಸದೆ ಹಾಕಿಕೊಳ್ಳುವುದು ಇನ್ನೂ ಕೈಗೆ ಬಾರದ ಹೊಸಬರಿಗೆ, ಸ್ವಲ್ಪ ದಪ್ಪನೆಯ ಶುರುವಿನ ಮಾಡೆಲ್ಲೇ ಎಷ್ಟೋ ವಾಸಿ.

ಇನ್ನು ಯಮಾಮೊಟೊ 38, 39, 40 ಅಂತ ಬರೆದಿರುತ್ತಾರೆ. ಜಪಾನಿನ ಯಮಾಮೊಟೊ ಕಂಪನಿಯ ರಬ್ಬರ್ ಅದು, ಒಳ್ಳೆಯ ಮಾಲು. ಅಂಕಿ ಹೆಚ್ಚಾದಷ್ಟೂ ಉತ್ತಮ ಅಂತ ಜನ ತಿಳಿಯುತ್ತಾರೆ, ಹಾಗಲ್ಲ. 38 ಗಟ್ಟಿಮುಟ್ಟು. 39ರಲ್ಲಿ ಗಾಳಿಗುಳ್ಳೆ ಜಾಸ್ತಿ, ಹಾಗಾಗಿ ತೇಲುವ ಗುಣವೂ ಜಾಸ್ತಿ. 40 ಚೆನ್ನಾಗಿ ಹಿಗ್ಗುತ್ತದೆ, ನಾಜೂಕು. ಮೊದಲ ಸೂಟ್‌ನಲ್ಲಿ 38 ಇದ್ದರೆ ಧಾರಾಳವಾಯಿತು.

ಮೈಗೆ ಸರಿಯಾಗಿ ಕೂತ ಅಗ್ಗದ ಸೂಟ್, ಸರಿಯಾಗಿ ಕೂರದ ದುಬಾರಿ ಸೂಟ್‌ಗಿಂತ ವೇಗವಾಗಿ ಈಜಿಸುತ್ತದೆ. ಇದನ್ನು ನಾನು ನೀರಿನಲ್ಲೇ ಕಲಿತದ್ದು, ಹಾಗಾಗಿ ಮುಂದೆ ಅಳತೆಯ ಬಗ್ಗೆ ಇಷ್ಟೊಂದು ಬರೆದಿದ್ದೇನೆ.

ಬಾಡಿಗೆ ಒಳ್ಳೇದಾ, ಕೊಳ್ಳೋದು ಒಳ್ಳೇದಾ?

ವರ್ಷಕ್ಕೆ ಒಂದೇ ರೇಸ್, ಮುಂದೆ ಮಾಡುತ್ತೀರೋ ಇಲ್ಲವೋ ಗೊತ್ತಿಲ್ಲ ಅಂದರೆ ಬಾಡಿಗೆ. ಒಂದು ವಾರ ಮೊದಲೇ ಕೈಗೆ ಸಿಗುವ ಹಾಗೆ ತೆಗೆದುಕೊಳ್ಳಿ. ರೇಸ್ ದಿನ ಬೆಳಿಗ್ಗೆ ಮೊದಲ ಸಲ ಹಾಕಿಕೊಳ್ಳುವುದು ಬೇಡವೇ ಬೇಡ.

ಕೆಲವು ಅಂಗಡಿಗಳು ಬಾಡಿಗೆಯ ದುಡ್ಡನ್ನು ಆಮೇಲೆ ಖರೀದಿಯಲ್ಲಿ ಕಳೆಯುತ್ತವೆ, ಕೇಳಿ ನೋಡಿ. ಸೀಸನ್ ಮುಗಿದಾಗ ಬಾಡಿಗೆಗೆ ಬಿಟ್ಟ ಸೂಟ್‌ಗಳನ್ನೇ ಅರ್ಧಕ್ಕರ್ಧ ಬೆಲೆಗೆ ಮಾರುವುದೂ ಉಂಟು. ಎಷ್ಟೋ ಜನ ಹಾಕಿ ತೆಗೆದ ಸೂಟ್ ಅದು. ಕಿತ್ತುಹೋಗುವ ದುರ್ಬಲ ಜಾಗ ಇದ್ದಿದ್ದರೆ ಅಷ್ಟರಲ್ಲಿ ಹೊರಗೆ ಬಿದ್ದಿರುತ್ತದೆ. ನನ್ನ ಮಟ್ಟಿಗೆ ಕಡಿಮೆ ಖರ್ಚಿನ ದಾರಿಗಳಲ್ಲಿ ಇದೇ ಉತ್ತಮ.

ಸೆಕೆಂಡ್ ಹ್ಯಾಂಡ್ ಸಿಕ್ತಿದೆ. ಏನೇನು ನೋಡ್ಬೇಕು?

ಮೊದಲು ಮೂಸಿ, ಆಮೇಲೆ ಹಿಗ್ಗಿಸಿ. ಮುಗ್ಗಲು ವಾಸನೆ ಇದ್ದರೆ ಒಣಗಿಸದೆ ಮಡಚಿಟ್ಟಿದ್ದಾರೆ ಅಂತ ಅರ್ಥ. ಭುಜದ ಹತ್ತಿರ ರಬ್ಬರನ್ನು ಎರಡೂ ಕೈಯಲ್ಲಿ ಮೆಲ್ಲಗೆ ಎಳೆದು ಬಿಡಿ, ತಕ್ಷಣ ವಾಪಸ್ ಬರಬೇಕು. ಎಳೆದಾಗ ಕೂದಲೆಳೆಯಂಥ ಬಿರುಕುಗಳು ಕಂಡರೆ ಬಿಸಿಲಿಗೆ ಬಿದ್ದು ಒಣಗಿದ ಮಾಲು, ಬಿಟ್ಟುಬಿಡಿ. ಸೂಟನ್ನು ಒಳಗು ಹೊರಗು ಮಾಡಿ ಕಂಕುಳು, ತೊಡೆಸಂದು, ಜಿಪ್‌ನ ಕೆಳತುದಿ ಈ ಮೂರು ಕಡೆ ಹೊಲಿಗೆ ನೋಡಿ. ಕಿತ್ತುಹೋಗುವುದು ಅಲ್ಲೇ. ಜಿಪ್ ಮೂರ್ನಾಲ್ಕು ಸಲ ಎಳೆಯಿರಿ. ಕತ್ತಿನ ಪಟ್ಟಿ ಲೊಳಲೊಳ ಆಗಿದೆಯಾ ನೋಡಿ, ಆಗಿದ್ದರೆ ಅಲ್ಲಿಂದ ನೀರು ಸುರಿಯುತ್ತದೆ, ಅದಕ್ಕೆ ರಿಪೇರಿ ಇಲ್ಲ.

ಉಗುರಿನ ಅರ್ಧಚಂದ್ರ ಗುರುತುಗಳು ಎಲ್ಲ ಹಳೆ ಸೂಟ್‌ನಲ್ಲೂ ಇರುತ್ತವೆ. ಆರ್‌ಪಾರ್ ಹೋಗದಿದ್ದರೆ ಅಂಟು ಹಾಕಿ ಮುಚ್ಚಬಹುದು, ಅದನ್ನೇ ತೋರಿಸಿ ಬೆಲೆ ಇಳಿಸಿ.

ನಾನು ಮೊದಲು ಕೊಂಡದ್ದು ಹಳೆಯದೇ. ಒಂದೇ ಒಂದು ಗೀರಿರಲಿಲ್ಲ, ಹೊಳೆಯುತ್ತಿತ್ತು. ನೀರಿಗಿಳಿದ ಮೇಲೆ ಗೊತ್ತಾಯಿತು, ಭುಜದ ರಬ್ಬರ್ ಮರದ ಹಾಗೆ ಬಿಗಿದಿದೆ. ವರ್ಷಗಟ್ಟಲೆ ಉಪಯೋಗಿಸದೆ ಸುಮ್ನೆ ಇಟ್ಟಿದ್ದ ಸೂಟ್ ಅದು. ಅವತ್ತಿನಿಂದ, ಹಾಕಿಕೊಂಡು ಕೈ ತಿರುಗಿಸಿ ನೋಡದೆ ಹಳೆ ಸೂಟ್ ಕೊಳ್ಳಿ ಅಂತ ಯಾರಿಗೂ ಹೇಳಿಲ್ಲ.

ಹೋದ ವರ್ಷದ ಮಾಡೆಲ್ ಅಂತ ಡಿಸ್ಕೌಂಟ್‌ನಲ್ಲಿ ಕೊಡ್ತಿದ್ದಾರೆ. ತಗೋಬಹುದಾ?

ಖಂಡಿತ. ಎಷ್ಟೋ ಸಲ ಬದಲಾಗುವುದು ಬಣ್ಣ ಮತ್ತು ಹೆಸರು ಅಷ್ಟೇ. ನಿಮ್ಮ ಸೈಜ್ ಇರಬೇಕು, ಪೆಟ್ಟಿಗೆಯಲ್ಲಿ ಗಟ್ಟಿಯಾಗಿ ಮಡಚಿ ವರ್ಷಗಟ್ಟಲೆ ಇಟ್ಟಿರಬಾರದು. ಮಡಿಕೆಯ ಗೆರೆ ಬಿಳಿಯಾಗಿ ಉಳಿದಿದ್ದರೆ ಬೇರೆ ಕೊಡಿ ಅನ್ನಿ.

## ಅಳತೆ ಮತ್ತು ಆಯ್ಕೆ

ಫುಲ್ ತೋಳಿನದಾ, ತೋಳಿಲ್ಲದ್ದಾ?

ತಣ್ಣೀರಿಗೆ ಫುಲ್ ತೋಳು. ಬೆಚ್ಚಗಿರುತ್ತದೆ, ಸರಿಯಾಗಿ ಕೂತರೆ ವೇಗವೂ ಜಾಸ್ತಿ. ತೋಳಿಲ್ಲದ್ದು ಅಗ್ಗ, ಹಾಕಿ ತೆಗೆಯುವುದು ಸುಲಭ, ಭುಜಕ್ಕೆ ಯಾವ ಬಿಗಿತವೂ ಇಲ್ಲ, ಕಂಕುಳಿನಲ್ಲಿ ಮಾತ್ರ ಸ್ವಲ್ಪ ನೀರು ಬರುತ್ತದೆ.

ನಿಮ್ಮ ಹತ್ತಿರ ಇರುವ ದುಡ್ಡಿಗೆ ಸಿಗುವ ಫುಲ್ ತೋಳಿನ ಸೂಟ್‌ಗಳೆಲ್ಲ ಭುಜಕ್ಕೆ ಬಿಗಿ ಅನ್ನಿಸಿದರೆ, ನೀರು ತೀರಾ ತಣ್ಣಗಿಲ್ಲದಿದ್ದರೆ, ಅದೇ ದುಡ್ಡಿಗೆ ಒಳ್ಳೆಯ ತೋಳಿಲ್ಲದ ಸೂಟ್ ಕೊಳ್ಳಿ. ಅಗಲ ಭುಜದವರಿಗೆ, ಭುಜ ನೋವಿನ ಹಳೆ ಕಥೆ ಇರುವವರಿಗೆ ನಾನು ಹೇಳುವುದು ಇದನ್ನೇ.

ಸೈಜ್ ಚಾರ್ಟ್‌ನಲ್ಲಿ ಎತ್ತರಕ್ಕೆ ಒಂದು ಸೈಜ್, ತೂಕಕ್ಕೆ ಇನ್ನೊಂದು ಬರ್ತಿದೆ. ಯಾವುದು?

ಸಾಮಾನ್ಯವಾಗಿ ತೂಕ ಮತ್ತು ಎದೆ ಸುತ್ತಳತೆಯ ಮಾತು ಕೇಳಿ, ಎತ್ತರ ಆಮೇಲೆ. ಕಾಲು ಎರಡು ಇಂಚು ಗಿಡ್ಡವಾದರೆ ಏನೂ ಆಗುವುದಿಲ್ಲ, ತೆಗೆಯಲು ಇನ್ನೂ ಸುಲಭ. ಎದೆ ಸಡಿಲವಾದರೆ ಸೂಟೇ ವ್ಯರ್ಥ. ಆದರೆ ಮುಂಡದ ಉದ್ದ ಗಿಡ್ಡವಾಗಬಾರದು, ಹಾಗಾದರೆ ಸೂಟ್ ಭುಜವನ್ನು ಕೆಳಕ್ಕೆ ಜಗ್ಗುತ್ತಲೇ ಇರುತ್ತದೆ. ಒಂದೊಂದು ಕಂಪನಿಯ ಅಳತೆ ಒಂದೊಂದು ಥರ. ಆರ್ಕಾದಲ್ಲಿ ಮೀಡಿಯಂ ಹಿಡಿಸಿತು ಅಂತ ಜೋನ್3ಯಲ್ಲೂ ಮೀಡಿಯಂ ಅಂತ ಕಣ್ಣು ಮುಚ್ಚಿ ತರಿಸಬೇಡಿ.

ಹಾಕಿ ನೋಡಿದೆ, ಉಸಿರು ಕಟ್ಟಿದ ಹಾಗಾಯ್ತು. ಸೈಜ್ ಚಿಕ್ಕದಾ?

ಇರಬಹುದು, ಆದರೆ ಹೆಚ್ಚಿನ ಸಲ ಸೂಟನ್ನು ಪೂರ್ತಿ ಮೇಲೆ ಎಳೆದುಕೊಂಡಿರುವುದಿಲ್ಲ. ಅದಕ್ಕೇ ಹಾಗನ್ನಿಸುವುದು.

ಕಾಲಿನಿಂದ ಶುರು ಮಾಡಿ. ಪಾದಕ್ಕೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡರೆ ಕಾಲು ಸರಾಗವಾಗಿ ಜಾರುತ್ತದೆ. ಸೂಟ್‌ನ ಅಂಚು ಕಣಕಾಲಿಗಿಂತ ಸ್ವಲ್ಪ ಮೇಲಿರಲಿ. ಅಲ್ಲಿಂದ ಒಂದೊಂದು ಹಿಡಿಯಷ್ಟು ರಬ್ಬರನ್ನು ಮೀನಖಂಡ, ಮೊಣಕಾಲು, ತೊಡೆ ಅಂತ ಮೇಲಕ್ಕೆ ತಳ್ಳುತ್ತಾ ಬನ್ನಿ. ತೊಡೆಸಂದಿನಲ್ಲಿ ಸಂದೇ ಇರಬಾರದು. ಅಲ್ಲಿ ಎರಡು ಬೆರಳು ಜಾಗ ಉಳಿದರೆ ಅಷ್ಟೂ ಭುಜದಲ್ಲಿ ಕಡಿಮೆ ಬೀಳುತ್ತದೆ, ಎದೆ ಹಿಂಡುತ್ತದೆ. ಆಮೇಲೆ ತೋಳುಗಳು, ಕಂಕುಳಿನವರೆಗೂ. ಎದೆ ಭಾಗದ ರಬ್ಬರನ್ನು ಎರಡೂ ಕಡೆಯಿಂದ ಭುಜದ ಮೇಲಕ್ಕೆ ತಳ್ಳಿ. ಕೊನೆಗೆ ಭುಜ ಹಿಂದಕ್ಕೆ ಮಾಡಿ ಯಾರನ್ನಾದರೂ ಜಿಪ್ ಎಳೆಯಲು ಹೇಳಿ. ಮೊದಲ ಸಲ ಇಷ್ಟಕ್ಕೆ ಹದಿನೈದು ಇಪ್ಪತ್ತು ನಿಮಿಷ ಹಿಡಿಯುತ್ತದೆ. ಗಡಿಬಿಡಿ ಮಾಡಬೇಡಿ.

ಈಗ ಪರೀಕ್ಷೆ. ದೀರ್ಘವಾಗಿ ಉಸಿರೆಳೆಯಿರಿ, ಎದೆ ಪೂರ್ತಿ ಅರಳಬೇಕು. ಕೈ ಎತ್ತಿ ಫ್ರೀಸ್ಟೈಲ್ ಥರ ಹತ್ತಿಪ್ಪತ್ತು ಸಲ ತಿರುಗಿಸಿ, ಬಿಗಿ ಅನ್ನಿಸಬಹುದು, ನೋಯಬಾರದು. ಕನ್ನಡಿಯಲ್ಲಿ ಸೊಂಟದ ಹಿಂದೆ, ಕಂಕುಳಲ್ಲಿ ನೋಡಿ, ರಬ್ಬರ್ ಮಡಿಕೆ ಬಿದ್ದಿದ್ದರೆ ಸೂಟ್ ದೊಡ್ಡದು. ಕತ್ತಿನ ಪಟ್ಟಿ ಮೈಗೆ ಅಂಟಿರಬೇಕು, ಆದರೆ ಉಗುಳು ನುಂಗುವಾಗ ಒತ್ತಬಾರದು. ನೆಲದ ಮೇಲೆ ಸ್ವಲ್ಪ ಜಾಸ್ತಿಯೇ ಬಿಗಿ ಅನ್ನಿಸುವ ಸೂಟ್ ನೀರಲ್ಲಿ ಹದಕ್ಕೆ ಬರುತ್ತದೆ. ನೆಲದ ಮೇಲೆ ಆರಾಮ ಅನ್ನಿಸಿದ್ದು ನೀರಲ್ಲಿ ಚೀಲವಾಗುತ್ತದೆ.

ಹೆಂಗಸರ ಸೂಟೇ ಬೇಕಾ? ಗಂಡಸರದ್ದು ಅಗ್ಗಕ್ಕೆ ಸಿಕ್ತಿದೆ.

ಮೈಗೆ ಕೂತರೆ ಯಾವುದಾದರೂ ಸರಿ. ಹೆಂಗಸರ ಸೂಟ್‌ನಲ್ಲಿ ಎದೆ, ಸೊಂಟ, ನಿತಂಬದ ಕತ್ತರಿಕೆ ಬೇರೆ. ಉದ್ದಕ್ಕೆ, ನೇರ ಮೈಕಟ್ಟಿನವರಾಗಿರುವ ಎಷ್ಟೋ ಹೆಂಗಸರಿಗೆ ಗಂಡಸರ ಸೂಟ್ ಚೆನ್ನಾಗಿ ಕೂರುತ್ತದೆ. ಹಾಗೇ ಸಣ್ಣ ಮೈಯ ಗಂಡಸರಿಗೆ ಹೆಂಗಸರದ್ದು. ಮೇಲೆ ಹೇಳಿದ ಪರೀಕ್ಷೆಯಲ್ಲಿ ಪಾಸಾಗಬೇಕು ಅಷ್ಟೇ.

3:5, 4:4 ಅಂತ ಬರೆದಿರೋದು ಏನು?

ದಪ್ಪದ ಲೆಕ್ಕ. ಹ್ಯೂಬ್ ಕಂಪನಿಯ ಸೂಟ್‌ಗಳಲ್ಲಿ ಹೀಗೆ ಬರೆಯುತ್ತಾರೆ: ಮೊದಲನೆಯದು ಮೇಲ್ಭಾಗ, ಎರಡನೆಯದು ಕೆಳಭಾಗ, ಮಿಲಿಮೀಟರ್‌ನಲ್ಲಿ. ಈಜುವಾಗ ನಿಮ್ಮ ಕಾಲು ಕೆಳಕ್ಕೆ ಇಳಿಯುತ್ತದಾ? ಓಟ, ಸೈಕಲ್‌ನಿಂದ ಬಂದವರಲ್ಲಿ ಬಹಳ ಜನರದ್ದು ಇಳಿಯುತ್ತದೆ. ಅವರಿಗೆ 3:5 ಥರದ್ದು, ಅಂದರೆ ಸೊಂಟ ತೊಡೆ ದಪ್ಪಗಿರುವುದು, ಕಾಲನ್ನು ಎತ್ತಿ ಹಿಡಿಯುತ್ತದೆ. ಚಿಕ್ಕಂದಿನಿಂದ ಈಜಿದವರ ಕಾಲು ತಾನಾಗಿಯೇ ಮೇಲಿರುತ್ತದೆ, ಅವರಿಗೆ 4:4 ಥರದ ಸಮ ದಪ್ಪ. ಅವರು ಕೆಳಗೆ ದಪ್ಪಗಿರುವುದನ್ನು ಹಾಕಿದರೆ ಕಾಲು ನೀರಿನಿಂದ ಹೊರಗೆ ಬಂದು ಒದೆತ ಗಾಳಿಗೆ ಹೋಗುತ್ತದೆ. ಬೇರೆ ಕಂಪನಿಗಳು ಬೇರೆ ಹೆಸರಿಡುತ್ತವೆ, ವಿಷಯ ಇದೇ. ನಿಮ್ಮದು ಯಾವ ಥರ ಅಂತ ಗೊತ್ತಿಲ್ಲದಿದ್ದರೆ ಪೂಲ್‌ನಲ್ಲಿ ಯಾರಿಂದಾದರೂ ಪಕ್ಕದಿಂದ ವಿಡಿಯೋ ತೆಗೆಸಿ ನೋಡಿ.

## ಕೊಂಡ ಮೇಲೆ

ಕತ್ತು ಉಜ್ಜಿ ಗಾಯ ಆಯ್ತು. ವ್ಯಾಸಲೀನ್ ಹಚ್ಚಲಾ?

ಪೆಟ್ರೋಲಿಯಂ ಜೆಲ್ಲಿ ಬೇಡ, ಅದು ನಿಯೋಪ್ರೀನನ್ನೂ ಹೊಲಿಗೆಯ ಅಂಟನ್ನೂ ಹಾಳು ಮಾಡುತ್ತದೆ. ಬಾಡಿಗ್ಲೈಡ್ ಥರದ, ಪೆಟ್ರೋಲಿಯಂ ಇಲ್ಲದ ಜಾರುಕಡ್ಡಿ ಸಿಗುತ್ತದೆ, ಅದನ್ನು ಕತ್ತಿನ ಹಿಂದೆ, ಕಂಕುಳಿಗೆ, ಮಣಿಕಟ್ಟು ಮತ್ತು ಕಣಕಾಲಿಗೆ ಹಚ್ಚಿ. ಕತ್ತಿನ ಹಿಂದಿನ ವೆಲ್ಕ್ರೊ ಸರಿಯಾಗಿ ಒಂದರ ಮೇಲೊಂದು ಕೂರಬೇಕು, ಅಂಚು ಹೊರಗೆ ಉಳಿದರೆ ಅದು ಗರಗಸದ ಹಾಗೆ ಉಜ್ಜುತ್ತದೆ. ಹಚ್ಚಿದ ಕೈಯನ್ನು ಒರೆಸಿಕೊಂಡ ಮೇಲೇ ಈಜು ಕನ್ನಡಕ ಮುಟ್ಟಿ.

ಉಗುರು ತಾಗಿ ಕಿತ್ತುಹೋಯ್ತು. ಹೊಸದೇ ತಗೋಬೇಕಾ?

ಬೇಡ. ನಿಯೋಪ್ರೀನ್ ಅಂಟು ಟ್ಯೂಬ್‌ನಲ್ಲಿ ಸಿಗುತ್ತದೆ. ಜಾಗವನ್ನು ತೊಳೆದು ಒಣಗಿಸಿ, ಎರಡೂ ಅಂಚಿಗೆ ತೆಳ್ಳಗೆ ಹಚ್ಚಿ, ಟ್ಯೂಬ್ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು ಒತ್ತಿ ಹಿಡಿಯಿರಿ. ಇನ್ನು ಮುಂದೆ ಉಗುರು ಕತ್ತರಿಸಿಕೊಂಡು, ಬೆರಳಿನ ಮೆತ್ತನೆ ಭಾಗದಿಂದ ಮಾತ್ರ ರಬ್ಬರ್ ಹಿಡಿಯಿರಿ. ಹತ್ತಿ ಕೈಗವಸು ಇನ್ನೂ ಒಳ್ಳೇದು.

ಪೂಲ್‌ನಲ್ಲೇ ಸೂಟ್ ಹಾಕಿ ಅಭ್ಯಾಸ ಮಾಡಲಾ?

ಒಂದೆರಡು ಸಲ, ಹದಿನೈದು ನಿಮಿಷ ಸಾಕು. ಪೂಲ್ ನೀರು ಬೆಚ್ಚಗಿರುತ್ತದೆ, ಮೈ ಬೇಗ ಕಾದು ತಲೆ ಸುತ್ತಬಹುದು. ಕ್ಲೋರಿನ್ ರಬ್ಬರಿಗೂ ಒಳ್ಳೆಯದಲ್ಲ, ಆಮೇಲೆ ಚೆನ್ನಾಗಿ ತೊಳೆಯಿರಿ.

ನಿಜವಾದ ಅಭ್ಯಾಸ ತೆರೆದ ನೀರಲ್ಲಿ, ಜೊತೆಗೆ ಯಾರಾದರೂ ಇರುವಾಗ, ರೇಸ್‌ಗೆ ಮೊದಲು ಕನಿಷ್ಠ ಮೂರ್ನಾಲ್ಕು ಸಲ. ತಣ್ಣೀರು ಎದೆಗೆ ತಾಗಿದಾಗ ಉಸಿರು ತಾನಾಗಿಯೇ ಏರುತ್ತದೆ. ಅದರ ಮೇಲೆ ಸೂಟ್‌ನ ಬಿಗಿ ಬೇರೆ. ಹೊಸಬರು ಗಾಬರಿಯಾಗುವುದು ಇಲ್ಲೇ. ನಿಧಾನವಾಗಿ ಇಳಿಯಿರಿ. ಕತ್ತಿನ ಪಟ್ಟಿ ಎಳೆದು ಸ್ವಲ್ಪ ನೀರು ಒಳಗೆ ಬಿಡಿ, ಮುಖ ನೀರಲ್ಲಿ ಅದ್ದಿ ಗುಳ್ಳೆ ಬಿಡಿ. ಒಂದೆರಡು ನಿಮಿಷದಲ್ಲಿ ಉಸಿರು ಹದಕ್ಕೆ ಬರುತ್ತದೆ. ಬಂದ ಮೇಲೇ ಈಜಲು ಶುರು ಮಾಡಿ.

ಬೇಗ ತೆಗೆಯೋದು ಹೇಗೆ? ಟ್ರಾನ್ಸಿಷನ್‌ನಲ್ಲಿ ನಂದೇ ಕೊನೆ.

ಟ್ರಾನ್ಸಿಷನ್ ಅಂದರೆ ಈಜು ಮುಗಿಸಿ ಸೈಕಲ್ ಹತ್ತುವ ಮೊದಲು ಬಟ್ಟೆ ಬದಲಿಸುವ ಜಾಗ. ಸೂಟ್ ಒದ್ದೆ ಇದ್ದಾಗಲೇ ತೆಗೆಯಿರಿ. ನೀರಿನಿಂದ ಎದ್ದ ಕೂಡಲೇ ಬೆನ್ನ ಹಿಂದಿನ ಜಿಪ್ ದಾರ ಎಳೆದು, ಓಡುತ್ತಲೇ ಸೂಟನ್ನು ಸೊಂಟದವರೆಗೆ ಇಳಿಸಿ. ಸೈಕಲ್ ಹತ್ತಿರ ಬಂದು ಒಂದೇ ಸಲ ಮೊಣಕಾಲಿನ ಕೆಳಗೆ ತಳ್ಳಿ, ಒಂದು ಕಾಲಿನಿಂದ ಸೂಟ್ ತುಳಿದು ಇನ್ನೊಂದು ಕಾಲನ್ನು ಮೇಲಕ್ಕೆಳೆಯಿರಿ. ಪ್ರತಿ ಅಭ್ಯಾಸದ ಕೊನೆಗೆ ಹೀಗೇ ತೆಗೆದರೆ ರೇಸ್ ದಿನ ಯೋಚಿಸಬೇಕಾಗಿಯೇ ಇಲ್ಲ.

ಹಿಮ್ಮಡಿ ಸಿಕ್ಕಿಕೊಳ್ಳುತ್ತದೆ ಅಂತ ಕೆಲವರು ಕಾಲಿನ ತುದಿಯನ್ನು ಕತ್ತರಿಸುತ್ತಾರೆ. ಹಲವು ಸೂಟ್‌ಗಳಲ್ಲಿ ಹಾಗೆ ಮಾಡಬಹುದು, ಆದರೆ ಕಂಪನಿ ಏನು ಹೇಳಿದೆ ಅಂತ ಮೊದಲು ಓದಿ, ವಾರಂಟಿ ಹೋದೀತು.

ತೊಳೆಯೋದು, ಇಡೋದು ಹೇಗೆ?

ತಣ್ಣನೆ ಸಿಹಿನೀರು, ಒಳಗು ಹೊರಗು ಎರಡೂ. ವಾಷಿಂಗ್ ಮೆಷಿನ್ ಬೇಡ, ಹಿಂಡಬೇಡಿ, ಬಿಸಿಲು ಬೇಡ. ನೆರಳಿನಲ್ಲಿ ದಪ್ಪ ಕೋಲಿನ ಮೇಲೆ ಸೊಂಟದಲ್ಲಿ ಮಡಚಿ ಹಾಕಿ. ತೆಳು ತಂತಿ ಹ್ಯಾಂಗರ್‌ಗೆ ಭುಜದಿಂದ ನೇತು ಹಾಕಿದರೆ ಭುಜವೇ ಹಿಗ್ಗಿ ಹಾಳಾಗುತ್ತದೆ.

ನೀರು ಬೆಚ್ಚಗಿರೋ ರೇಸ್‌ಗಳೇ ಜಾಸ್ತಿ. ಸ್ವಿಮ್‌ಸ್ಕಿನ್ ತಗೊಳ್ಳಲಾ?

ಸದ್ಯಕ್ಕೆ ಬೇಡ. ಸ್ವಿಮ್‌ಸ್ಕಿನ್ ಅಂದರೆ ನೀರು ಅಂಟದ ತೆಳು ಬಟ್ಟೆಯ ಸೂಟ್, ಅದು ತೇಲಿಸುವುದೂ ಇಲ್ಲ, ಬೆಚ್ಚಗಿಡುವುದೂ ಇಲ್ಲ. ಕೆಲವು ಸೆಕೆಂಡ್ ಉಳಿಸಬೇಕೆನ್ನುವವರಿಗೆ ಅದು. ಆ ದುಡ್ಡಿನಲ್ಲಿ ಒಂದು ನಿಯೋಪ್ರೀನ್ ಚಡ್ಡಿ ಕೊಳ್ಳಬಹುದು. ಪೂಲ್‌ನಲ್ಲಿ ಅದನ್ನು ಹಾಕಿ ಈಜಿದರೆ ಸೂಟ್ ಹಾಕಿದಾಗಿನ ಮೈ ಮಟ್ಟ ಹೇಗಿರುತ್ತದೆ ಅಂತ ಅಭ್ಯಾಸವಾಗುತ್ತದೆ.

ದುಬಾರಿ ಸೂಟ್‌ಗೆ ಯಾವಾಗ ಹೋಗ್ಬೇಕು?

ಈಜು 1900 ಅಥವಾ 3800 ಮೀಟರ್ ಇರುವ ರೇಸ್‌ಗೆ ಹೆಸರು ಕೊಟ್ಟಾಗ, ಅದೂ ಈಗಿರುವ ಸೂಟ್‌ನಲ್ಲಿ ಉಸಿರಿಗಿಂತ ಮೊದಲು ಭುಜ ಸೋಲುತ್ತಿದ್ದರೆ. ಉಸಿರೇ ಮೊದಲು ಸೋಲುತ್ತಿದ್ದರೆ ಸೂಟ್ ಬದಲಿಸಿ ಉಪಯೋಗವಿಲ್ಲ, ಆ ದುಡ್ಡು ಈಜು ಕಲಿಸುವವರಿಗೆ ಕೊಡಿ. ಹಳೆ ಸೂಟ್ ಮಾರುವಾಗ ಅಂಟು ಹಾಕಿದ ಜಾಗಗಳನ್ನು ಕೊಳ್ಳುವವರಿಗೆ ತೋರಿಸಿಬಿಡಿ, ಅವರೂ ಮೊದಲ ರೇಸ್‌ಗೆ ಹೊರಟವರೇ ಆಗಿರುತ್ತಾರೆ.